ಪೇಟೆ ನಡುವಿನ ಅರ್ಧ ಹೋಟೆಲ್: ನೀವು ಕೇಳಿದ್ದು, ನಾವು ಹೇಳಿದ್ದು

ಶಿವಮೊಗ್ಗ ಪೇಟೆಯಲ್ಲಿ ಅರ್ಧಕ್ಕೆ ನಿಂತ ಒಂದು ಹೋಟೆಲ್ ಕಟ್ಟಡದ ಬಗ್ಗೆ ಓದುಗರೊಬ್ಬರು ಕೇಳಿದ್ದರು. ಉತ್ತರ ಬರೆಯುವಷ್ಟರಲ್ಲಿ ಅಂಥದ್ದೇ ಕಟ್ಟಡಗಳ ಬಗ್ಗೆ ಇನ್ನಷ್ಟು ಪತ್ರ ಬಂದವು. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ. ಯಾವ ಕಟ್ಟಡದ ಹೆಸರನ್ನೂ ಹಾಕಿಲ್ಲ. ಮಾಲೀಕರ ಮಾತು ಕೇಳದೆ ಊರಿನವರ ಮಾತು ಮಾತ್ರ ಅಚ್ಚು ಹಾಕುವುದು ಸರಿಯಲ್ಲ, ಅಲ್ವಾ?

ಪ್ರಶ್ನೆ: ನಮ್ಮ ಅಂಗಡಿ ಎದುರು ಐದು ಮಹಡಿ ಹೋಟೆಲ್ ಕಟ್ಟಡ ವರ್ಷಗಟ್ಟಲೆಯಿಂದ ಹಾಗೇ ನಿಂತಿದೆ. ಪಿಲ್ಲರ್, ಸ್ಲ್ಯಾಬ್ ಎಲ್ಲ ಆಗಿದೆ, ಗೋಡೆ ಅಲ್ಲಲ್ಲಿ ಎದ್ದಿದೆ. ಇಷ್ಟು ಖರ್ಚು ಮಾಡಿದವರು ಇನ್ನೊಂದಿಷ್ಟು ಹಾಕಿ ಮುಗಿಸಬಾರದಾ? ವಾಸ್ತು ದೋಷ ಅಂತಾರೆ, ನಿಜಾನಾ? (ದುರ್ಗಿಗುಡಿ, ಶಿವಮೊಗ್ಗ)

ವಾಸ್ತುವಿಗೆ ಬಾಯಿಲ್ಲ ಪಾಪ, ಎಲ್ಲ ಅದರ ತಲೆಗೇ ಕಟ್ಟುತ್ತಾರೆ. ಅಂಥ ಕಟ್ಟಡಗಳ ಮುಂದೆ ಬೂದುಗುಂಬಳಕಾಯಿ, ದೃಷ್ಟಿ ಬೊಂಬೆ ಎಲ್ಲ ನೇತಾಡುತ್ತಲೇ ಇರುತ್ತವೆ ನೋಡಿ.

"ಇನ್ನೊಂದಿಷ್ಟು" ಅಂದಿರಲ್ಲ, ಗಂಟು ಇರುವುದೇ ಅಲ್ಲಿ. ಪಿಲ್ಲರು, ಸ್ಲ್ಯಾಬು ಎದ್ದು ನಿಂತಾಗ ನೋಡುವವರಿಗೆ ಮುಕ್ಕಾಲು ಕೆಲಸ ಮುಗಿದಂತೆ ಕಾಣುತ್ತದೆ. ದುಡ್ಡಿನ ಲೆಕ್ಕದಲ್ಲಿ ಸಾಮಾನ್ಯವಾಗಿ ಅರ್ಧವೂ ಆಗಿರುವುದಿಲ್ಲ. ಪ್ಲಂಬಿಂಗ್, ವೈರಿಂಗ್, ಲಿಫ್ಟು, ಜನರೇಟರು, ಬೆಂಕಿ ಆರಿಸುವ ಪೈಪಿನ ಲೈನು, ಎಸಿ, ಅಡುಗೆಮನೆ, ಟೈಲ್ಸು, ಮಂಚ ಹಾಸಿಗೆ ಎಲ್ಲ ಇನ್ನೂ ಬಾಕಿ. ಅಂಗಡಿ ಕಾಂಪ್ಲೆಕ್ಸ್ ಆದರೆ ಕೆಳಗಿನ ಮಳಿಗೆ ಬಾಡಿಗೆಗೆ ಕೊಟ್ಟು, ಅಡ್ವಾನ್ಸ್ ತಗೊಂಡು, ಆ ದುಡ್ಡಲ್ಲಿ ಮೇಲೆ ಕಟ್ಟುತ್ತಾ ಹೋಗಬಹುದು. ಹೋಟೆಲಿನಲ್ಲಿ ಹಾಗಾಗಲ್ಲ. ಲಿಫ್ಟ್ ಇಲ್ಲದ ನಾಲ್ಕನೇ ಮಹಡಿ ರೂಮಿಗೆ ಯಾರು ಬರುತ್ತಾರೆ? ಪೂರ್ತಿ ಮುಗಿಯುವ ತನಕ ಒಂದು ರೂಪಾಯಿ ಹುಟ್ಟುವುದಿಲ್ಲ, ಬಡ್ಡಿ ಮಾತ್ರ ದಿನಾ ಹುಟ್ಟುತ್ತದೆ.

ಬ್ಯಾಂಕಿನವರು ಸಾಲವನ್ನು ಕೆಲಸ ಆದ ಹಾಗೆ ಕಂತು ಕಂತಾಗಿ ಬಿಡುತ್ತಾರೆ. ಕೆಲಸ ನಿಂತರೆ ಮುಂದಿನ ಕಂತು ಬರುವುದಿಲ್ಲ, ಕಂತು ಬರದಿದ್ದರೆ ಕೆಲಸ ಸಾಗುವುದಿಲ್ಲ. ಬಾಕಿ 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ. ಆಮೇಲೆ 2002ರ ಸರ್ಫೇಸಿ ಕಾಯ್ದೆ ಪ್ರಕಾರ 60 ದಿನದ ನೋಟಿಸ್, ಅದಕ್ಕೂ ಕಟ್ಟದಿದ್ದರೆ ಬ್ಯಾಂಕು ಆಸ್ತಿ ಸ್ವಾಧೀನಕ್ಕೆ ತಗೊಂಡು ಹರಾಜು ಹಾಕಬಹುದು.

ಅದಕ್ಕಿಂತ ಗಟ್ಟಿ ಕಗ್ಗಂಟು ಪಾಲಿನದು. ಅಡಿಕೆ ದುಡ್ಡು, ಮಂಡಿ ದುಡ್ಡು, ನೆಂಟರ ದುಡ್ಡು ಎಲ್ಲ ಸೇರಿಸಿ ನಾಲ್ಕು ಜನ ಪಾಲುದಾರರು ಶುರು ಮಾಡಿರುತ್ತಾರೆ. ಒಬ್ಬರು ತೀರಿಕೊಂಡರೆ ಅವರ ಮಕ್ಕಳು ಲೆಕ್ಕ ಕೇಳುತ್ತಾರೆ. ಜಾಗ ಪಿತ್ರಾರ್ಜಿತವಾಗಿದ್ದರೆ ಅಕ್ಕ ತಂಗಿಯರ ಪಾಲು ಬೇರೆ. ಕೋರ್ಟಿಗೆ ಹೋದರೆ ತಡೆಯಾಜ್ಞೆ. ಮಾರೋಣ ಅಂದರೂ ಕೊಳ್ಳುವವರು ಹಿಂದೇಟು ಹಾಕುತ್ತಾರೆ, ಯಾಕೆಂದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂ ಪ್ರಕಾರ ದಾವೆ ನಡೆಯುವಾಗ ಕೊಂಡವರು ಆ ದಾವೆಯ ತೀರ್ಪಿಗೆ ತಲೆಬಾಗಲೇಬೇಕು. ಹೊರಗೆ ನಿಂತವರಿಗೆ ಇದು ಯಾವುದೂ ಕಾಣುವುದಿಲ್ಲ. ಕಾಣುವುದು ಸಿಮೆಂಟು ಮಾತ್ರ. ಆದ್ದರಿಂದ ವಾಸ್ತು.

ಇನ್ನೊಂದು ಕಾರಣ ಸುಮ್ನೆ ಹೇಳುತ್ತೇನೆ. ಕೆಲವು ಕಡೆ ಲಾಡ್ಜಿನ ಲೆಕ್ಕಾಚಾರ ನಿಂತಿರುವುದೇ ಬಾರ್ ಮೇಲೆ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ ಹೇಳಿತು. ಊರಿನ ಪುರಸಭೆ, ಪಾಲಿಕೆ ವ್ಯಾಪ್ತಿಗೆ ಅದು ಅಡ್ಡಿಯಲ್ಲ ಎಂಬ ಸ್ಪಷ್ಟನೆ ಬಂದದ್ದು 2017ರ ಜುಲೈನಲ್ಲಿ. ನಮ್ಮ ಬಿ.ಎಚ್. ರಸ್ತೆ ಅಂದರೆ ಬೆಂಗಳೂರು-ಹೊನ್ನಾವರ ರಸ್ತೆ, ಊರಿನ ಹೊಟ್ಟೆಯೊಳಗೇ ಹಾದು ಹೋಗುವ ದಾರಿ. ಅಂಥ ಕಡೆ ಕಟ್ಟುತ್ತಿದ್ದವರು ಆ ಅರ್ಧ ವರ್ಷ ಕೈ ಕಟ್ಟಿ ಕೂತಿದ್ದರೆ ಆಶ್ಚರ್ಯವಿಲ್ಲ. ಅದೇ ಹೊತ್ತಿಗೆ ನೋಟು ರದ್ದು, ಆಮೇಲೆ ಜಿಎಸ್‌ಟಿ, ಮೂರು ವರ್ಷ ಬಿಟ್ಟು ಕೊರೊನಾ. ಒಂದು ಸಲ ನಿಂತ ಕೆಲಸ ಮತ್ತೆ ಶುರುವಾಗುವುದು ಕಷ್ಟ ಮಾರಾಯ್ರೆ.

ಪ್ರಶ್ನೆ: ಪಿಲ್ಲರ್ ತುದಿಯ ಸರಳುಗಳಿಂದ ಮಳೆಗಾಲದಲ್ಲಿ ಕೆಂಪು ನೀರು ಇಳಿದು ಗೋಡೆಯೆಲ್ಲ ಕಲೆ. ಬಿರುಕಿನಲ್ಲಿ ಅಶ್ವತ್ಥದ ಗಿಡ ಬೇರೆ. ಕಟ್ಟಡ ಬಿದ್ದು ಹೋಗುತ್ತದಾ? ನಮ್ಮ ಮನೆ ಪಕ್ಕದಲ್ಲೇ ಇದೆ. (ಗಾಂಧಿ ಬಜಾರ್)

ಇಡೀ ಕಟ್ಟಡ ಕುಸಿಯುವ ಭಯಕ್ಕಿಂತ ತುಂಡು ತುಂಡಾಗಿ ಉದುರುವ ಭಯ ಜಾಸ್ತಿ. ನಿಮ್ಮ ಕಣ್ಣು ಮೊದಲು ಹೋಗಬೇಕಾದ್ದು ಪಿಲ್ಲರಿಗಲ್ಲ, ಸಜ್ಜಾ ಮತ್ತು ಬಾಲ್ಕನಿಗೆ. ಅವು ಒಂದೇ ಕಡೆ ಆಧಾರ ಇಟ್ಟುಕೊಂಡು ಗಾಳಿಯಲ್ಲಿ ಚಾಚಿಕೊಂಡಿರುತ್ತವೆ. ಅವನ್ನು ಹಿಡಿದಿರುವ ಸರಳು ಇರುವುದು ಮೇಲ್ಭಾಗದಲ್ಲಿ. ಮಳೆ ನೀರು ನಿಲ್ಲುವುದೂ ಮೇಲ್ಭಾಗದಲ್ಲೇ. ಪ್ಲಾಸ್ಟರ್ ಇಲ್ಲ, ನೀರು ಹರಿದು ಹೋಗುವ ಇಳಿಜಾರಿಲ್ಲ, ಎಲೆ ಕೊಳೆತು ಪಾಚಿ ಕಟ್ಟಿರುತ್ತದೆ. ನೀರು ಸೀದಾ ಆ ಸರಳಿಗೇ ಇಳಿಯುತ್ತದೆ.

ಈಗ ಕೆಂಪು ನೀರಿನ ವಿಷಯ. ಮುಂದಿನ ಮಹಡಿಗೆ ಅಂತ ಬಿಟ್ಟ ಸರಳುಗಳು ಬಯಲಲ್ಲಿ ನಿಂತರೆ ತುಕ್ಕು ಹಿಡಿಯದೆ ಇನ್ನೇನು? ಆ ನೀರು ಗೋಡೆ ಮೇಲೆ ಇಳಿದು ಕಲೆ ಮಾಡಿದ್ದರೆ ನೋಡಲು ಕೆಟ್ಟದು ಅಷ್ಟೇ, ಅದರಿಂದ ಪಿಲ್ಲರ್ ಒಳಗೆ ಕೆಟ್ಟಿದೆ ಅಂತ ಆಗುವುದಿಲ್ಲ. ಕಾಂಕ್ರೀಟಿನ ಕ್ಷಾರ ಗುಣ ಒಳಗಿನ ಕಬ್ಬಿಣವನ್ನು ಕಾಯುತ್ತದೆ. ವರ್ಷ ಕಳೆದಂತೆ ಗಾಳಿಯ ಇಂಗಾಲದ ಡೈ ಆಕ್ಸೈಡ್ ಮೆಲ್ಲಗೆ ಒಳಗೆ ಹೋಗಿ ಆ ಕ್ಷಾರ ಕಳೆಯುತ್ತದೆ. ಪ್ಲಾಸ್ಟರ್, ಪೇಂಟ್ ಇದ್ದರೆ ನಿಧಾನ. ಬರೀ ಕಾಂಕ್ರೀಟು, ಅದರ ಮೇಲೆ ಒಂದು ಕಾಲ ನೆನೆದು ಇನ್ನೊಂದು ಕಾಲ ಒಣಗಿ ಮತ್ತೆ ನೆನೆಯುವ ನಮ್ಮೂರಿನ ಹವೆ, ಹಾಗಾದರೆ ಬೇಗ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಕೇಳುತ್ತದೆ. ಒಳಗೆ ಜಾಗ ಎಲ್ಲಿದೆ? ಹೊರಗಿನ ಕಾಂಕ್ರೀಟನ್ನು ತಳ್ಳಿ ಒಡೆಯುತ್ತದೆ.

ಆದ್ದರಿಂದ ನೀವು ನೋಡಬೇಕಾದ ಗುರುತು ಇದು: ಪಿಲ್ಲರಿನ ಮೂಲೆಯಲ್ಲಿ, ಸರಳು ಇರುವ ಗೆರೆಯ ಉದ್ದಕ್ಕೂ, ಮೇಲಿಂದ ಕೆಳಗೆ ನೇರ ಬಿರುಕು ಬಿಟ್ಟಿದೆಯಾ? ಆ ಬಿರುಕಿನೊಳಗಿಂದಲೇ ಕಂದು ಬಣ್ಣ ಒಸರುತ್ತಿದೆಯಾ? ಸ್ಲ್ಯಾಬಿನ ತಳದಲ್ಲಿ ಚಕ್ಕೆ ಎದ್ದು ಸರಳಿನ ಜಾಲ ಕಾಣುತ್ತಿದೆಯಾ? ಸುತ್ತಿಗೆಯಲ್ಲಿ ತಟ್ಟಿದರೆ ಟಣ್ ಅನ್ನುವ ಬದಲು ಡಬ್ ಅಂತ ಟೊಳ್ಳು ಸದ್ದು ಬರುತ್ತದೆ. ಆದರೆ ತಟ್ಟುವ ಕೆಲಸ ನೀವು ಮಾಡಬೇಡಿ, ಅದು ಸ್ಟ್ರಕ್ಚರಲ್ ಎಂಜಿನಿಯರ್ ಕೆಲಸ. ನೀವು ಬೀದಿಯಿಂದ, ನಿಮ್ಮ ಟೆರೇಸಿನಿಂದ ಫೋಟೋ ತೆಗೆದಿಡಿ. ಒಂದೇ ಜಾಗದ್ದು, ಮಳೆಗಾಲಕ್ಕೆ ಮೊದಲು ಒಂದು, ಆಮೇಲೆ ಒಂದು.

ಅಶ್ವತ್ಥದ ಗಿಡವನ್ನು ಮೇಲಿಂದ ಕತ್ತರಿಸಿದರೆ ಉಪಯೋಗವಿಲ್ಲ, ಬೇರಿನಿಂದ ಮತ್ತೆ ಚಿಗುರುತ್ತದೆ. ಸಣ್ಣದಿರುವಾಗಲೇ ಬೇರು ಸಮೇತ ತೆಗೆದು ಬಿರುಕು ಮುಚ್ಚಬೇಕು. ಅಶ್ವತ್ಥ ಕಡಿಯಬಾರದು ಅನ್ನುವವರು ಅದನ್ನು ತೆಗೆದು ಬೇರೆ ಕಡೆ ನೆಡಲಿ, ಯಾರ ತಕರಾರೂ ಇಲ್ಲ.

ಸೆಂಟ್ರಿಂಗಿಗೆ, ಅಂದರೆ ಕಾಂಕ್ರೀಟು ಹಾಕುವಾಗ ಆಸರೆಗೆ, ಕೊಟ್ಟ ನೀಲಗಿರಿ ಕಂಬಗಳು ಇನ್ನೂ ಸ್ಲ್ಯಾಬಿನ ಕೆಳಗೆ ನಿಂತಿದ್ದರೆ ಅದನ್ನೂ ದೂರಿನಲ್ಲಿ ಬರೆಯಿರಿ. ಆ ಸ್ಲ್ಯಾಬ್ ತನ್ನ ಕಾಲ ಮೇಲೆ ನಿಂತಿದೆಯೋ ಗೆದ್ದಲು ಹತ್ತಿದ ಕಂಬದ ಮೇಲೆ ನಿಂತಿದೆಯೋ ಎಂದು ಯಾರಾದರೂ ತಿಳಿದವರು ನೋಡಲೇಬೇಕು.

ಪ್ರಶ್ನೆ: ಸೆಲ್ಲಾರ್ ತುಂಬ ನೀರು, ಸೊಳ್ಳೆ ಕಾಟ. ನಮ್ಮ ಬೀದಿಯಲ್ಲಿ ಡೆಂಗಿ ಬಂತು. ಮಾಲೀಕರು ಬೆಂಗಳೂರಿನಲ್ಲಿದ್ದಾರಂತೆ, ಕೇಸು ಕೋರ್ಟಲ್ಲಿದೆಯಂತೆ, ಏನೂ ಮಾಡಕ್ಕಾಗಲ್ಲ ಅಂತಾರೆ. ರೇರಾಗೆ ದೂರು ಕೊಡಬಹುದಾ? (ನೆಹರು ರಸ್ತೆ ಹತ್ತಿರದಿಂದ)

ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ, ಇರುವುದು ಫ್ಲ್ಯಾಟು, ಸೈಟು ಕೊಂಡವರಿಗೆ. ತಾವೇ ನಡೆಸಲು ಕಟ್ಟಿದ ಹೋಟೆಲಿಗೆ ಅದು ಬರುವುದಿಲ್ಲ. ಅದನ್ನು ಬಿಡಿ.

"ಕೋರ್ಟಲ್ಲಿದೆ, ಏನೂ ಮಾಡಕ್ಕಾಗಲ್ಲ" ಅನ್ನುವ ಮಾತನ್ನು ಮಾತ್ರ ಒಪ್ಪಬೇಡಿ. ಕೋರ್ಟಿನಲ್ಲಿರುವುದು ಆಸ್ತಿ ಯಾರದ್ದು ಅನ್ನುವ ಜಗಳ. ನೀರು ಪಂಪ್ ಮಾಡುವುದಕ್ಕೂ ಆ ಜಗಳಕ್ಕೂ ಏನು ಸಂಬಂಧ? ನಮ್ಮವರು ಮಾಡುವ ತಪ್ಪು ಇದೇ. "ಕಟ್ಟಡ ಪೂರ್ತಿ ಮಾಡಿಸಿ, ಇಲ್ಲಾ ಕೆಡವಿಸಿ" ಎಂದು ಅರ್ಜಿ ಕೊಡುತ್ತಾರೆ. ಎರಡೂ ಅಧಿಕಾರಿಯ ಕೈಯಲ್ಲಿ ಸುಲಭಕ್ಕೆ ಆಗುವ ಕೆಲಸವಲ್ಲ, ಫೈಲು ಮಲಗುತ್ತದೆ. ಸಣ್ಣದು ಕೇಳಿ. ಸೆಲ್ಲಾರಿನ ನೀರು ತೆಗೆಸಿ, ಸುತ್ತ ಶೀಟಿನ ಬೇಲಿ ಹಾಕಿಸಿ, ರಸ್ತೆ ಕಡೆಯ ಸಜ್ಜಾ ಪರೀಕ್ಷೆ ಮಾಡಿಸಿ, ಖರ್ಚನ್ನು ಮಾಲೀಕರ ಮೇಲೆ ಹಾಕಿ.

ಮೊದಲು ಮಹಾನಗರ ಪಾಲಿಕೆ ಆಯುಕ್ತರಿಗೆ ಬರೆಯಿರಿ, ಆರೋಗ್ಯ ವಿಭಾಗಕ್ಕೆ ಒಂದು ಪ್ರತಿ. ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳದೆ ಬರಬೇಡಿ. ಜೊತೆಗೆ 10 ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನಲ್ಲಿ ಕಟ್ಟಡದ ಪರವಾನಗಿ, ಮಂಜೂರಾದ ನಕ್ಷೆ, ಇಲ್ಲಿವರೆಗೆ ಕೊಟ್ಟ ನೋಟಿಸುಗಳ ಪ್ರತಿ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಆಗಲೂ ಅಲುಗದಿದ್ದರೆ ಎಸಿ, ಅಂದರೆ ಉಪವಿಭಾಗಾಧಿಕಾರಿ ಕಚೇರಿ. ಅವರು ದಂಡಾಧಿಕಾರಿಯೂ ಹೌದು. ಬೀಳುವ ಸ್ಥಿತಿಯ ಕಟ್ಟಡ, ಜನರ ಆರೋಗ್ಯಕ್ಕೆ ತೊಂದರೆ ಕೊಡುವ ಉಪದ್ರವ, ಇಂಥವನ್ನು ಸರಿಪಡಿಸಿ ಎಂದು ಮಾಲೀಕರಿಗೆ ಅಥವಾ ಸ್ವಾಧೀನದಲ್ಲಿರುವವರಿಗೆ ಆದೇಶ ಮಾಡುವ ಅಧಿಕಾರ ಅವರಿಗಿದೆ. ಹಿಂದೆ ಅದು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 133ನೇ ಕಲಂ ಅಂತಿತ್ತು, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ. ಪಾಲಿಕೆಯವರು ಅನುದಾನ ಇಲ್ಲ ಅಂದರೆ 1980ರ ರತ್ಲಾಮ್ ತೀರ್ಪು ನೆನಪಿಸಿ. ಮಧ್ಯಪ್ರದೇಶದ ಆ ಊರಿನವರು ತೆರೆದ ಚರಂಡಿ ಬಗ್ಗೆ ಇದೇ 133ರಲ್ಲಿ ಹೋಗಿದ್ದರು. ದುಡ್ಡಿಲ್ಲ ಅನ್ನುವ ನೆಪ ನಡೆಯಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು.

ಇನ್ನು ಸೊಳ್ಳೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಸೆಲ್ಲಾರಿನ ಕೊಳಕು ನೀರಿಗಿಂತ ಸಣ್ಣ ಜಾಗದ ತಿಳಿ ನೀರು ಇಷ್ಟ. ಅಂದರೆ ಅದು ಮೇಲಿನ ಮಹಡಿಗಳಲ್ಲಿದೆ: ಬಿಟ್ಟು ಹೋದ ಡ್ರಮ್ಮು, ಪೇಂಟ್ ಡಬ್ಬ, ಮಡಿಸಿದ ಟಾರ್ಪಾಲು, ಕ್ಯೂರಿಂಗಿಗೆ (ಹೊಸ ಕಾಂಕ್ರೀಟು ನೆನೆಸಿಡಲು) ಅಂತ ಸ್ಲ್ಯಾಬಿನ ಮೇಲೆ ಕಟ್ಟಿದ ಸಣ್ಣ ಕಟ್ಟೆಗಳು. ಮೊಟ್ಟೆ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. ಮೊಟ್ಟೆಗಳು ಒಣಗಿದ ಡಬ್ಬದ ಅಂಚಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಕಾಯುತ್ತವೆ, ಮೊದಲ ಮಳೆಗೆ ಮತ್ತೆ ಶುರು. ಬರೀ ಫಾಗಿಂಗ್ ಹೊಗೆ ಬಿಟ್ಟು ಹೋದರೆ ಸುಮ್ಮನಾಗಬೇಡಿ, ಡಬ್ಬಗಳನ್ನು ಕೆಳಗೆ ಇಳಿಸಿ ಅಂತ ಕೇಳಿ.

ಪ್ರಶ್ನೆ: ಅಂಥ ಕಟ್ಟಡದಲ್ಲಿ ವಾಚ್‌ಮನ್ ಸಂಸಾರ ಸಮೇತ 15 ವರ್ಷದಿಂದ ಇದ್ದಾರೆ. 12 ವರ್ಷ ಆದರೆ ಅವರದ್ದೇ ಆಗುತ್ತದಂತೆ? (ಭದ್ರಾವತಿ)

ಆಗುವುದಿಲ್ಲ. ಮಾಲೀಕರ ಪರವಾಗಿ ಕಾಯುವವರು ಎಷ್ಟು ವರ್ಷ ಇದ್ದರೂ ಹಕ್ಕು ಹುಟ್ಟುವುದಿಲ್ಲ ಎಂದು ಗೋವಾದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಬಾಕಿ ಸಂಬಳ ಕೇಳುವ ಹಕ್ಕು ಮಾತ್ರ ಖಂಡಿತ ಇದೆ. ಅದನ್ನು ಯಾರೂ ಕೇಳುವುದಿಲ್ಲ.

ಪ್ರಶ್ನೆ: ಬ್ಯಾಂಕ್ ಹರಾಜಿನಲ್ಲಿ ಇಂಥ ಒಂದು ಕಟ್ಟಡ ಕಡಿಮೆಗೆ ಸಿಗುತ್ತಿದೆ. ಅಡಿಕೆ ವ್ಯಾಪಾರಕ್ಕೆ ಗೋದಾಮು ಮಾಡೋಣ ಅಂತಿದೆ. ತಗೊಳ್ಳಬಹುದಾ? (ಸಾಗರ)

ಗೋದಾಮಿಗಾದರೆ ಬೇಡ. ಹೋಟೆಲ್ ರೂಮಿನ ಸ್ಲ್ಯಾಬಿಗೆ ಭಾರತೀಯ ಮಾನಕದಲ್ಲಿ ಚದರ ಮೀಟರಿಗೆ ಸುಮಾರು 200 ಕೆಜಿ ಭಾರ ಲೆಕ್ಕ ಹಿಡಿಯುತ್ತಾರೆ. ಸ್ಟೋರ್ ರೂಮಿಗೆ ಸುಮಾರು 500. ಅಡಿಕೆ ಮೂಟೆ ಒಂದರ ಮೇಲೊಂದು ಪೇರಿಸಿದರೆ ಏನಾಗುತ್ತದೆ ಯೋಚನೆ ಮಾಡಿ. ಹಾಸ್ಟೆಲ್ಲೋ ಲಾಡ್ಜೋ ಮಾಡುವುದಾದರೆ ಬೇರೆ ಮಾತು.

ಹರಾಜಿನ ಆಸ್ತಿ ಇದ್ದ ಹಾಗೇ, ಇದ್ದ ಜಾಗದಲ್ಲೇ. ಆಮೇಲೆ ಅದಿಲ್ಲ ಇದಿಲ್ಲ ಅನ್ನುವ ಹಾಗಿಲ್ಲ. ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ, ಅಡಮಾನಗಳ ಕೇಂದ್ರ ನೋಂದಣಿಯಾದ ಸೆರ್ಸಾಯ್ ದಾಖಲೆಯಲ್ಲಿ ಬೇರೆ ಬ್ಯಾಂಕಿನ ಅಡಮಾನ ಇದೆಯಾ ನೋಡಿ, ಸಿವಿಲ್ ಕೋರ್ಟಿನಲ್ಲಿ ಪಾಲಿನ ದಾವೆ ಇದೆಯಾ ವಕೀಲರಿಂದ ಹುಡುಕಿಸಿ. ಕಂದಾಯ ಬಾಕಿ, ಕರೆಂಟ್ ಬಾಕಿ ಕೇಳಿ. ನಿಯಮದಲ್ಲಿ ಅವಕಾಶ ಇದ್ದರೆ ಹಳೆಯ ಮಾಲೀಕರ ಕರೆಂಟ್ ಬಾಕಿಯನ್ನು ಹರಾಜಿನಲ್ಲಿ ಕೊಂಡವರಿಂದ ವಸೂಲಿ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಕಟ್ಟಡವನ್ನು ನಕ್ಷೆ ಜೊತೆ ಅಳೆಸಿ. ನಾಲ್ಕಕ್ಕೆ ಅನುಮತಿ ಇದ್ದು ಐದು ಎದ್ದಿದ್ದರೆ ಆ ಐದನೆಯದು ನಿಮ್ಮ ತಲೆನೋವು. ಬಿಡ್ ಕೂಗುವ ಮೊದಲು ಕಾಂಕ್ರೀಟಿನ ಗಟ್ಟಿತನ ನೋಡುವ ರಿಬೌಂಡ್ ಹ್ಯಾಮರ್, ಅಲ್ಟ್ರಾಸೋನಿಕ್, ಕೋರ್ ತೆಗೆದು ಮಾಡುವ ಪರೀಕ್ಷೆಗೆ ಬ್ಯಾಂಕಿನವರು ಬಿಡುತ್ತಾರಾ ಕೇಳಿ. ಬಿಡದಿದ್ದರೆ ಕಟ್ಟಡಕ್ಕೆ ಸೊನ್ನೆ ಹಾಕಿ, ಕೆಡವುವ ಖರ್ಚು ಕಳೆದು, ಬರೀ ಜಾಗದ ರೇಟಿಗೆ ಕೂಗಿ.

ಪ್ರಶ್ನೆ: ಹೀಗೆಲ್ಲ ನಮ್ಮ ಊರಲ್ಲಿ ಮಾತ್ರಾನಾ? (ತೀರ್ಥಹಳ್ಳಿಯ ಕಾಲೇಜು ವಿದ್ಯಾರ್ಥಿನಿ)

ಛೇ, ಇಲ್ಲಪ್ಪ. ಉತ್ತರ ಕೊರಿಯಾದ ಪ್ಯಾಂಗ್ಯಾಂಗಿನಲ್ಲಿ ರ್‍ಯುಗ್ಯಾಂಗ್ ಅಂತ ಒಂದು ಹೋಟೆಲ್ ಇದೆ. 105 ಮಹಡಿ, 330 ಮೀಟರ್. 1987ರಲ್ಲಿ ಶುರು, 1992ರಲ್ಲಿ ಬಂದ್. 2008ರಲ್ಲಿ ಈಜಿಪ್ಟಿನ ಕಂಪನಿಯೊಂದು ಮತ್ತೆ ಕೆಲಸ ಹಿಡಿದು ಹೊರಗೆ ಗಾಜು ಹಾಕಿತು. 2018ರಿಂದ ರಾತ್ರಿ ಅದರ ಮೈಮೇಲೆ ಎಲ್‌ಇಡಿ ಚಿತ್ರ ಓಡುತ್ತವೆ, ರೂಮು ಮಾತ್ರ ಯಾರಿಗೂ ಕೊಟ್ಟಿಲ್ಲ. ಅಮೆರಿಕದ ಲಾಸ್ ವೇಗಸ್‌ನ ಫೌಂಟನ್‌ಬ್ಲೂ ಹೋಟೆಲ್ 2007ರಲ್ಲಿ ಶುರುವಾಗಿ 2009ರಲ್ಲಿ ನಿಂತು, ಕೈಯಿಂದ ಕೈಗೆ ಹೋಗಿ ಕೊನೆಗೆ 2023ರ ಡಿಸೆಂಬರಿನಲ್ಲಿ ಬಾಗಿಲು ತೆಗೆಯಿತು. ಸರಿಯಾದ ಕೈಗೆ ಹೋದರೆ ಮುಗಿಯುತ್ತವೆ ಕೂಡ.

ಪ್ರಶ್ನೆ: ರಾತ್ರಿ ಮೂರನೇ ಮಹಡಿಯಲ್ಲಿ ಬೆಳಕು ಕಾಣುತ್ತದೆ, ಕಿರುಚಿದ ಸದ್ದು ಬರುತ್ತದೆ. ದೆವ್ವ ಅಂತ ನಮ್ಮ ಹುಡುಗರು ಮೊಬೈಲ್ ಹಿಡಿದು ರೀಲ್ಸ್ ಮಾಡಲು ಹೋಗುತ್ತಾರೆ. (ಶಿವಮೊಗ್ಗ)

ಕಿರುಚುವುದು ಬಹುಶಃ ಕಣಜ ಗೂಬೆ. ಪಾಳು ಕಟ್ಟಡ ಅಂದರೆ ಅದಕ್ಕೆ ಪ್ರೀತಿ, ಇಲಿ ಹಿಡಿದು ಉಪಕಾರ ಮಾಡುತ್ತದೆ, ಇರಲಿ ಬಿಡಿ. ಬೆಳಕು ಕುಡಿಯಲು ಕೂತವರದ್ದೋ ನಿಮ್ಮ ಹುಡುಗರ ಮೊಬೈಲಿನದೋ ಇರಬೇಕು.

ಹುಡುಗರನ್ನು ಮಾತ್ರ ಬಿಡಬೇಡಿ. ಮೆಟ್ಟಿಲಿಗೆ ಕಂಬಿ ಇರುವುದಿಲ್ಲ. ಅದಕ್ಕಿಂತ ಅಪಾಯ ಲಿಫ್ಟಿನ ಬಾಯಿ. ಕೆಲಸ ನಿಲ್ಲಿಸುವಾಗ ಪ್ರತಿ ಮಹಡಿಯಲ್ಲೂ ಅದಕ್ಕೆ ಪ್ಲೈವುಡ್ ಅಡ್ಡ ಇಟ್ಟು ಹೋಗಿರುತ್ತಾರೆ, ಮಳೆ ಬಿದ್ದು ಅದು ಕೊಳೆತಿರುತ್ತದೆ, ಮೇಲೆ ಧೂಳು ಕೂತು ನೆಲದ ಬಣ್ಣವೇ ಬಂದಿರುತ್ತದೆ. ಫೋನಿನ ಪರದೆ ನೋಡಿಕೊಂಡು ಹಿಂದೆ ಹಿಂದೆ ಹೆಜ್ಜೆ ಇಡುವವರಿಗೆ ಅದು ಕಾಣುವುದಿಲ್ಲ. ದೂರು ಬರೆಯುವಾಗ ಬೇಲಿಯ ಜೊತೆ ಇದನ್ನೂ ಸೇರಿಸಿ: ಪ್ರತಿ ಮಹಡಿಯ ಲಿಫ್ಟ್ ಬಾಯಿಗೆ ಇಟ್ಟಿಗೆ ಗೋಡೆ ಕಟ್ಟಿಸಿ ಎಂದು. ಮೇಸ್ತ್ರಿ ಒಬ್ಬರು, ಕೈಯಾಳು ಒಬ್ಬರು ಇದ್ದರೆ ಕೆಲವೇ ದಿನದ ಕೆಲಸ.