ಸೆಲ್ಫ್ ತಿರುಗುತ್ತೆ, ಎಂಜಿನ್ ಮಾತ್ರ ಹಿಡಿಯಲ್ಲ

ಪ್ರಶ್ನೆ: ನಮ್ಮದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮೂರು ವಾರ ಊರಿಗೆ ಹೋಗಿದ್ದೆವು, ಕಾರು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲೇ ನಿಂತಿತ್ತು. ಈಗ ಸೆಲ್ಫ್ ಹೊಡೆದರೆ ಚೆನ್ನಾಗಿ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಹತ್ತಿರದ ಗ್ಯಾರೇಜಿನವರು ಬಂದು ಬಾನೆಟ್ ಕೂಡ ಎತ್ತದೆ ‘ಫ್ಯೂಯೆಲ್ ಪಂಪ್ ಹೋಗಿದೆ, ಬ್ಯಾಟರಿಯನ್ನೂ ಬದಲಾಯಿಸಿಬಿಡಿ’ ಎಂದರು. ಒಪ್ಪಿಕೊಳ್ಳಲೇ?
– ಬನಶಂಕರಿಯ ಓದುಗರು

ಉತ್ತರ: ಸದ್ಯಕ್ಕೆ ಬೇಡ. ಬ್ಯಾಟರಿಯಂತೂ ಖಂಡಿತ ಬೇಡ. ಸೆಲ್ಫ್ ಚುರುಕಾಗಿ ತಿರುಗುತ್ತಿದೆ ಅಂತ ನೀವೇ ಹೇಳುತ್ತಿದ್ದೀರಿ, ಅಲ್ವಾ? ಅಂದರೆ ಬ್ಯಾಟರಿ, ಸ್ಟಾರ್ಟರ್ ಮೋಟಾರ್ ಎರಡೂ ತಮ್ಮ ಕೆಲಸ ಮಾಡುತ್ತಿವೆ. ಆದರೆ ನೋಡಲು ಬಂದವರೆಲ್ಲ ಒಂದೊಂದು ಸಲ ಸೆಲ್ಫ್ ಹೊಡೆದು ಹೋದರೆ ಇರುವ ಬ್ಯಾಟರಿಯೂ ಮಲಗುತ್ತದೆ. ಒಂದು ಸಲಕ್ಕೆ ಹತ್ತು ಸೆಕೆಂಡ್ ಮೀರಬೇಡಿ, ಮಧ್ಯೆ ಒಂದು ನಿಮಿಷ ಬಿಡುವು ಕೊಡಿ.

ಪಂಪ್ ವಿಷಯಕ್ಕೆ ಬರೋಣ. ಹೋಗಿರಲೂಬಹುದು, ಆದರೆ ಅದನ್ನು ತಿಳಿಯಲು ಕಾಸು ಬೇಕಿಲ್ಲ, ಕಿವಿ ಸಾಕು. ಮನೆಯವರೊಬ್ಬರಿಗೆ ಕೀ ಕೊಟ್ಟು ಮುಂದೆ ಕೂರಿಸಿ, ನೀವು ಹಿಂದಿನ ಸೀಟಿಗೆ ಕಿವಿ ಹಚ್ಚಿ. ಸೆಲ್ಫ್ ಹೊಡೆಯದೆ ಬರೀ ಆನ್ ಮಾಡಿದಾಗ ಸೀಟಿನ ಕೆಳಗಿನ ಟ್ಯಾಂಕಿನಿಂದ ಎರಡು ಮೂರು ಸೆಕೆಂಡ್ ‘ಝುಂಯ್’ ಅಂತ ಸದ್ದು ಬಂದು ನಿಲ್ಲಬೇಕು. ಅದು ಪಂಪ್ ಪೈಪಿಗೆ ಪೆಟ್ರೋಲ್ ತುಂಬುವ ಸದ್ದು. ಬೇಸ್‌ಮೆಂಟಿನ ನಿಶ್ಶಬ್ದ ಇದಕ್ಕೆ ಹೇಳಿಮಾಡಿಸಿದ ಹಾಗಿದೆ, ರಿಂಗ್ ರೋಡಿನ ಪಕ್ಕದಲ್ಲಿ ನಿಂತು ಈ ಪರೀಕ್ಷೆ ಮಾಡಲು ಆಗುವುದಿಲ್ಲ.

ಸದ್ದು ಬರಲಿಲ್ಲವೆಂದರೂ ತಕ್ಷಣ ಪಂಪ್ ತರಲು ಜೆ.ಸಿ. ರಸ್ತೆಗೆ ಓಡಬೇಡಿ. ಪಂಪಿಗೆ ಕರೆಂಟ್ ಹೋಗುವ ದಾರಿಯಲ್ಲಿ ಫ್ಯೂಸ್ ಇದೆ, ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಇದೆ, ಉದ್ದಕ್ಕೂ ವೈರ್ ಇದೆ. ಫ್ಯೂಸ್ ತೆಗೆದು, ಒಳಗಿನ ತಂತಿ ತುಂಡಾಗಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ಪಂಪ್ ರಿಲೇ ಮತ್ತು ಹಾರ್ನ್ ರಿಲೇ ಮೇಲೆ ಒಂದೇ ನಂಬರ್ ಇದ್ದರೆ ಅದಲು ಬದಲು ಮಾಡಿ ನೋಡಿ. ಇನ್ನು ವೈರ್. ಮೂರು ವಾರ ನಿಂತ ಕಾರು, ಅದೂ ಬೇಸ್‌ಮೆಂಟಿನಲ್ಲಿ ಅಂದ ಕೂಡಲೇ ನನ್ನ ಮೊದಲ ಅನುಮಾನ ಹೋಗಿದ್ದು ಇಲಿಯ ಮೇಲೆ. ಬಾನೆಟ್ ಎತ್ತಿ ಟಾರ್ಚ್ ಹಾಕಿ ನೋಡಿ, ಹಿಕ್ಕೆ, ಬಟ್ಟೆ ಚೂರು, ತಿಂಡಿ ಕವರ್ ಏನಾದರೂ ಕಂಡರೆ ಅರ್ಧ ಉತ್ತರ ಸಿಕ್ಕ ಹಾಗೆ. ಮೆಕ್ಯಾನಿಕ್ ಬಂದಾಗ ಪಂಪಿನ ಕನೆಕ್ಟರಿಗೆ ಟೆಸ್ಟ್ ಲ್ಯಾಂಪ್ ಹಿಡಿಯಲು ಹೇಳಿ. ಕೀ ಆನ್ ಮಾಡಿದ ಆ ಎರಡು ಮೂರು ಸೆಕೆಂಡಿನಲ್ಲಿ ಲ್ಯಾಂಪ್ ಉರಿದೂ ಪಂಪ್ ತಿರುಗದಿದ್ದರೆ ಮಾತ್ರ ಪಂಪ್ ಸತ್ತಿದೆ. ಇಷ್ಟು ಮಾಡಲು ಒಪ್ಪದವರಿಂದ ಪಂಪ್ ಹಾಕಿಸಬೇಡಿ.

ಸದ್ದು ಸರಿಯಾಗಿ ಬಂದರೆ ಮೀಟರ್ ಬೋರ್ಡ್ ಕಡೆ ನೋಡಿ. ಕೀ ಅಥವಾ ಬೀಗದ ಚಿತ್ರದ ದೀಪ ಮಿನುಗುತ್ತಲೇ ಇದೆಯೇ? ಅದು ಇಮ್ಮೊಬಿಲೈಸರ್. ಕೀಯೊಳಗಿನ ಚಿಪ್ ಗುರುತು ಸಿಗದಿದ್ದರೆ ಹಲವು ಕಾರುಗಳಲ್ಲಿ ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಬೀರುವಿನಲ್ಲಿರುವ ಎರಡನೇ ಕೀ ತಂದು ನೋಡಿ. ಆಮೇಲೆ ಆರ್‌ಪಿಎಂ ಮುಳ್ಳು. ಸೆಲ್ಫ್ ತಿರುಗುವಾಗ ಬಹಳಷ್ಟು ಕಾರುಗಳಲ್ಲಿ ಅದು ಸ್ವಲ್ಪವಾದರೂ ಅಲ್ಲಾಡುತ್ತದೆ. ಒಂಚೂರೂ ಏಳದಿದ್ದರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಪಡಬೇಕು. ಎಂಜಿನ್ ತಿರುಗುತ್ತಿದೆ ಎಂದು ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ಗೊತ್ತಾಗುವುದೇ ಅದರಿಂದ. ಗೊತ್ತಾಗದಿದ್ದರೆ ಅದು ಪ್ಲಗ್‌ಗೆ ಕರೆಂಟೂ ಕೊಡದು, ಪೆಟ್ರೋಲೂ ಬಿಡದು. ಸ್ಕ್ಯಾನರ್ ಹಾಕಿದಾಗ ಪಿ0335 ಕೋಡ್ ಬಂದರೆ ಆ ಸೆನ್ಸರ್, ಅದರ ವೈರ್ ಎರಡನ್ನೂ ನೋಡಬೇಕು.

ಪ್ಲಗ್ ಬಿಚ್ಚಿಸಿದರೆ ಇನ್ನೂ ಸ್ಪಷ್ಟ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಒದ್ದೆಯಾಗಿದ್ದರೆ ಬರುತ್ತಿದೆ, ಕಿಡಿ ಇಲ್ಲ ಅಥವಾ ಪೆಟ್ರೋಲ್ ಜಾಸ್ತಿಯಾಗಿದೆ. ಜಾಸ್ತಿಯಾಗಿ ಗಬ್ಬೆಂದು ವಾಸನೆ ಬರುತ್ತಿದ್ದರೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಏಳೆಂಟು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಇಂಜೆಕ್ಷನ್ ಇರುವ ಹೆಚ್ಚಿನ ಕಾರುಗಳಲ್ಲಿ ಆಗ ಪೆಟ್ರೋಲ್ ನಿಲ್ಲುತ್ತದೆ, ಬರೀ ಗಾಳಿ ಹೋಗಿ ಪ್ಲಗ್ ಒಣಗುತ್ತದೆ. ಪ್ಲಗ್ ಹೊರಗಿಟ್ಟು ಕಿಡಿ ನೋಡುವ ಹಳೇ ವಿದ್ಯೆಯನ್ನು ಮಾತ್ರ ಬೇಸ್‌ಮೆಂಟಿನಲ್ಲಿ ಬೇಡವೇ ಬೇಡ. ಪೆಟ್ರೋಲ್ ಆವಿ ತುಂಬಿದ ಜಾಗದಲ್ಲಿ ಕಿಡಿ ಹಾರಿಸುವುದು ಹುಡುಗಾಟವಲ್ಲ. ಹಾಗೆಯೇ ವಾಚ್‌ಮನ್‌ನ ಕರೆದು ತಳ್ಳಿಸಿ ಸ್ಟಾರ್ಟ್ ಮಾಡುವುದೂ ಬೇಡ, ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳು ಮಾಡುತ್ತದೆ.

ಒಂದು ಮಾತು ಮರೆತಿದ್ದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯಾ? ನಗಬೇಡಿ. ನನ್ನ ಹಳೇ ಕಾರು ಒಮ್ಮೆ ಲಾಲ್‌ಬಾಗ್ ಪಶ್ಚಿಮ ದ್ವಾರದ ಹತ್ತಿರ ನಿಂತಾಗ ಎರಡು ಗಂಟೆ ಫ್ಯೂಸು, ರಿಲೇ ಅಂತ ಒದ್ದಾಡಿದ್ದೆ. ಮೀಟರ್ ಮುಳ್ಳು ಅರ್ಧ ಟ್ಯಾಂಕಿಗೆ ಅಂಟಿಕೊಂಡು ಕೂತಿತ್ತು, ಅಷ್ಟೇ.

ಪ್ರಶ್ನೆ: ಮೊನ್ನೆಯ ಮಳೆಯಲ್ಲಿ ರಸ್ತೆಯಲ್ಲಿ ಬಂಪರ್ ಮೀರಿ ನೀರಿತ್ತು. ಮಧ್ಯದಲ್ಲಿ ಕಾರು ಆಫ್ ಆಯಿತು. ಒಂದು ಸಲ ಸೆಲ್ಫ್ ಹೊಡೆದೆ, ತಿರುಗಿತು, ಹಿಡಿಯಲಿಲ್ಲ. ಡೀಸೆಲ್ ಗಾಡಿ.
– ಬೆಳ್ಳಂದೂರಿನ ಓದುಗರು

ಉತ್ತರ: ಎರಡನೇ ಸಲ ಹೊಡೆಯಬೇಡಿ. ಗಾಳಿಯನ್ನು ಒತ್ತಿ ಚಿಕ್ಕದು ಮಾಡಬಹುದು, ನೀರನ್ನು ಆಗುವುದಿಲ್ಲ. ಸಿಲಿಂಡರಿಗೆ ನೀರು ಹೊಕ್ಕಿದ್ದರೆ ಪಿಸ್ಟನ್ ಮೇಲೇಳುವಾಗ ಅದನ್ನು ತಳ್ಳುವ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಅಲ್ಲಿಗೆ ಎಂಜಿನ್ನೇ ಬಿಚ್ಚಬೇಕು. 2022ರ ಸೆಪ್ಟೆಂಬರ್ ಮಳೆಯಲ್ಲಿ ನಿಮ್ಮ ಕಡೆ ಬೇಸ್‌ಮೆಂಟುಗಳಲ್ಲಿ ಮುಳುಗಿದ ಕಾರುಗಳನ್ನು ನೋಡಿರುತ್ತೀರಿ. ಫ್ಲ್ಯಾಟ್‌ಬೆಡ್ ಟ್ರಕ್ ಕರೆಸಿ. ಏರ್ ಫಿಲ್ಟರ್ ಒದ್ದೆಯಾಗಿದೆಯೇ, ಎಂಜಿನ್ ಆಯಿಲ್ ಬೆಳ್ಳಗೆ ಹಾಲು ಬೆರೆತ ಹಾಗಿದೆಯೇ ನೋಡಲಿ. ಒದ್ದೆಯಿದ್ದರೆ ಇಂಜೆಕ್ಟರ್ ಅಥವಾ ಗ್ಲೋ ಪ್ಲಗ್ ಬಿಚ್ಚಿ, ಎಂಜಿನ್ ಕೈಯಲ್ಲಿ ತಿರುಗಿಸಿ ನೀರು ತೆಗೆಯಲಿ. ಕಾರು ನಿಂತ ಜಾಗದಲ್ಲೇ ನೀರಿನ ಮಟ್ಟ ಕಾಣುವ ಹಾಗೆ ಫೋಟೊ ತೆಗೆದಿಡಿ. ವಿಮೆ ಪಾಲಿಸಿಯಲ್ಲಿ ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಸೇರಿಸಿದ್ದೀರಾ ನೋಡಿ, ಅದಿಲ್ಲದಿದ್ದರೆ ಇಂಥ ಕ್ಲೇಮಿನಲ್ಲಿ ಸಾಮಾನ್ಯವಾಗಿ ತಕರಾರು ಬರುತ್ತದೆ.

ಪ್ರಶ್ನೆ: ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಬಿಸಿಯಾದಾಗ ಪೆಟ್ರೋಲ್ ಕಾರು ಆಫ್ ಆಗುತ್ತದೆ. ಅರ್ಧ ಗಂಟೆ ಬಿಟ್ಟು ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆ. ಗ್ಯಾರೇಜಿಗೆ ಹೋದರೆ ತೊಂದರೆ ಕಾಣಿಸುವುದೇ ಇಲ್ಲ.
– ಬೊಮ್ಮನಹಳ್ಳಿಯ ಓದುಗರು

ಉತ್ತರ: ಹೆಚ್ಚಾಗಿ ಕ್ರ್ಯಾಂಕ್ ಸೆನ್ಸರ್. ಬಿಸಿಯಾದಾಗ ಸಿಗ್ನಲ್ ಬಿಡುತ್ತದೆ, ತಣಿದ ಮೇಲೆ ಸರಿಹೋಗುತ್ತದೆ. ಮುಂದಿನ ಸಲ ನಿಂತಾಗ ತಣಿಯುವ ಮುಂಚೆಯೇ ಸೆಲ್ಫ್ ಹೊಡೆದು ಆರ್‌ಪಿಎಂ ಮುಳ್ಳನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ, ಪಂಪಿನ ಸದ್ದು ಬರುತ್ತಾ ಅಂತಲೂ ಕೇಳಿಸಿಕೊಳ್ಳಿ. ತಣ್ಣಗಿರುವ ಕಾರನ್ನು ಗ್ಯಾರೇಜಿಗೆ ಒಯ್ದು ಸುಮ್ನೆ ನಿಲ್ಲಿಸಿದರೆ ಅವರಾದರೂ ಏನು ಕಂಡುಹಿಡಿದಾರು? ಆ ವಿಡಿಯೊ ತೋರಿಸಿ.