ರಶ್ದಿಯನ್ನು ಎಲ್ಲಿಂದ ಓದಲು ಶುರು ಮಾಡಲಿ?

"'ಮಿಡ್‌ನೈಟ್ಸ್ ಚಿಲ್ಡ್ರನ್' ಎರಡು ಸಲ ಶುರು ಮಾಡಿ ಬಿಟ್ಟೆ. ಸಲ್ಮಾನ್ ರಶ್ದಿ ನನ್ನಂಥವರಿಗಲ್ಲವಾ, ಇಲ್ಲಾ ಬೇರೆ ಪುಸ್ತಕದಿಂದ ಶುರು ಮಾಡಬೇಕಿತ್ತಾ?" ಅಂತ ಕೇಳಿದ್ದೀರಿ.

ಎರಡೇ ಸಲ ತಾನೇ? ನಾನು ಮೂರು ಸಲ ಬಿಟ್ಟವಳು. ಅವೆನ್ಯೂ ರೋಡಿನಲ್ಲಿ ಕೊಂಡ ಹಳೇ ಪ್ರತಿ ಅದು. ಹಿಂದೆ ಅದನ್ನು ಓದಿದವರು ಯಾರೋ ಕಷ್ಟದ ಪದಗಳ ಪಕ್ಕ ಪೆನ್ಸಿಲ್‌ನಲ್ಲಿ ಅರ್ಥ ಬರೆದುಕೊಂಡಿದ್ದರು. ಮೂವತ್ತನೇ ಪುಟದ ಆಚೆ ಪೆನ್ಸಿಲ್ ಗುರುತೇ ಇಲ್ಲ. ನಾನೂ ಹೆಚ್ಚುಕಮ್ಮಿ ಅಲ್ಲೇ ನಿಲ್ಲುತ್ತಿದ್ದೆ. ಕಾಶ್ಮೀರದ ಡಾಕ್ಟರ್ ಒಬ್ಬ ಗೋಷಾ ಹುಡುಗಿಯನ್ನು ಪರೀಕ್ಷೆ ಮಾಡಬೇಕು. ಅವಳ ಮುಂದೆ ಒಂದು ಬಿಳಿ ಹಾಸುಬಟ್ಟೆ ಹಿಡಿದಿರುತ್ತಾರೆ, ಅದರ ನಡುವೆ ಏಳಿಂಚಿನ ತೂತು. ಹೊಟ್ಟೆನೋವಾದರೆ ತೂತಿನಲ್ಲಿ ಹೊಟ್ಟೆ ಮಾತ್ರ ಕಾಣುತ್ತದೆ, ಕಾಲು ಉಳುಕಿದರೆ ಕಾಲು ಮಾತ್ರ. ಹೀಗೆ ತುಂಡು ತುಂಡಾಗಿ ನೋಡುತ್ತಲೇ ಅವನಿಗೆ ಅವಳ ಮೇಲೆ ಮನಸ್ಸಾಗುತ್ತದೆ. ನಾನು ಅಲ್ಲೇ ಕೂತು "ಈ ತೂತು ಯಾವುದರ ಸಂಕೇತ?" ಅಂತ ತಲೆ ಕೆಡಿಸಿಕೊಳ್ಳುತ್ತಿದ್ದೆ. ಬಿ.ಎ. ಪರೀಕ್ಷೆಗೆ ಓದಿದ ಚಟ, ಇನ್ನೇನು!

ನನಗೆ ದಾರಿ ತೆರೆದದ್ದು 'ಹಾರೂನ್ ಅಂಡ್ ದ ಸೀ ಆಫ್ ಸ್ಟೋರೀಸ್'. ನೀವೂ ಅದರಿಂದಲೇ ಶುರು ಮಾಡಿ. 1990ರಲ್ಲಿ ಬಂದ ಸಣ್ಣ ಪುಸ್ತಕ. ಅದರ ಹಿಂದಿನ ವರ್ಷ ಇರಾನಿನ ಧಾರ್ಮಿಕ ನಾಯಕ ಖೊಮೇನಿ, 'ದ ಸಟಾನಿಕ್ ವರ್ಸಸ್' ಕಾದಂಬರಿಗಾಗಿ ರಶ್ದಿಯನ್ನು ಕೊಲ್ಲಿ ಅಂತ ಫತ್ವಾ ಹೊರಡಿಸಿದ್ದರು, ರಶ್ದಿ ಪೊಲೀಸರ ಕಾವಲಿನಲ್ಲಿ ತಲೆಮರೆಸಿಕೊಂಡು ಬದುಕುತ್ತಿದ್ದರು. ಅಂಥ ಹೊತ್ತಿನಲ್ಲಿ ಮಗ ಜಫರ್‌ಗಾಗಿ ಬರೆದ ಕಥೆ ಇದು. ರಶೀದ್ ಖಲೀಫಾ ಅಂತ ಒಬ್ಬ ಕಥೆಗಾರ. ಹೆಂಡತಿ ಮಹಡಿ ಮೇಲಿನ ಮನೆಯವನ ಜೊತೆ ಹೊರಟುಹೋಗುತ್ತಾಳೆ. ಮಗ ಹಾರೂನ್ ಸಿಟ್ಟಿನಲ್ಲಿ "ನಿಜವೇ ಅಲ್ಲದ ಕಥೆ ಹೇಳಿ ಏನು ಪ್ರಯೋಜನ?" ಅಂದುಬಿಡುತ್ತಾನೆ. ಅಷ್ಟೇ, ಮುಂದೆ ವೇದಿಕೆ ಹತ್ತಿ ಬಾಯಿ ತೆರೆದರೆ ರಶೀದನಿಗೆ ಬರೀ ಕಾಗೆ ಸ್ವರ.

ಇದನ್ನು ರಾತ್ರಿ ಮಲಗುವಾಗ ಮಗಳಿಗೆ ಓದುತ್ತಿದ್ದೆ. ಒಂದು ಸಾಲು ಇಂಗ್ಲಿಷ್, ಅದರ ಹಿಂದೆಯೇ ಕನ್ನಡ. ನಡುರಾತ್ರಿ ಬಚ್ಚಲುಮನೆಗೆ ಒಂದು ಜಲಭೂತ ಬರುತ್ತದೆ. ಕಥೆಗಾರರಿಗೆಲ್ಲ ಕಥೆಯ ಸಮುದ್ರದಿಂದ ನಲ್ಲಿ ಕನೆಕ್ಷನ್ ಇರುತ್ತದಂತೆ, ರಶೀದನ ಕನೆಕ್ಷನ್ ತೆಗೆಯಲು ಅದು ಬಂದಿದೆ. ಮಗಳು ಎದ್ದು ಕೂತು, "ಬಿಲ್ ಕಟ್ಟಿರಲಿಲ್ವಾ?" ಅಂದಳು. ಬೆಂಗಳೂರಿನ ಮಗು, ಅದಕ್ಕೆ ಇದರಲ್ಲಿ ಮಾಯೆ ಮಂತ್ರ ಏನೂ ಕಾಣಲಿಲ್ಲ. ಕಥೆಯಲ್ಲಿ ಏನಾದರೂ ಅಸಂಭವ ನಡೆದಾಗಲೆಲ್ಲ ಪಾತ್ರಗಳು 'ಪಿ ಟು ಸಿ ಟು ಇ' ಅನ್ನುತ್ತವೆ, ವಿವರಿಸೋಕೆ ಆಗದಷ್ಟು ತೊಡಕಿನ ವಿಧಾನ ಅಂತ ಅದರ ಅರ್ಥ. ನಾನು ಅದನ್ನು 'ಹೇಳೋಕ್ಕಾಗದಷ್ಟು ಗೋಜಲಿನ ಕೆಲಸ' ಮಾಡಿದೆ, ಅವಳು ಅದನ್ನು 'ಹೇಗೋಕೆ' ಮಾಡಿದಳು. ಹೋಂವರ್ಕ್ ಯಾಕೆ ಮಾಡಿಲ್ಲ ಅಂದರೆ ಈಗಲೂ ಅದೇ ಉತ್ತರ: ಹೇಗೋಕೆ.

ಆ ಸಮುದ್ರದ ದಡದಲ್ಲಿ ಎರಡು ರಾಜ್ಯಗಳಿವೆ, ಗಪ್ ಮತ್ತು ಚುಪ್. ಗಪ್‌ನವರು ವಟವಟ ಮಾತಾಡುತ್ತಲೇ ಇರುತ್ತಾರೆ, ಚುಪ್‌ನಲ್ಲಿ ಬಾಯಿ ಬಿಡುವ ಹಾಗಿಲ್ಲ. ನನ್ನ ತವರು ಹಂಪಿ ಪಕ್ಕದ ಕಮಲಾಪುರ. ನಮ್ಮ ಕಡೆ "ಗಪ್ ಕೂಡು" ಅಂದರೆ ಬಾಯಿ ಮುಚ್ಚಿಕೊಂಡು ಕೂಡು ಅಂತ! ಹಾಗಾಗಿ ಎರಡು ಅಧ್ಯಾಯ ನನಗೆ ಎಲ್ಲಾ ಉಲ್ಟಾ ಹೊಡೆಯುತ್ತಿತ್ತು. ಆದರೆ ಅಲ್ಲೇ ನನಗೆ ಒಂದು ವಿಷಯ ಹೊಳೆಯಿತು. ರಶ್ದಿ ಬರೆಯುವ ಇಂಗ್ಲಿಷಿನ ಒಳಗೆ ಮುಂಬೈ ಬೀದಿಯ ಹಿಂದೂಸ್ತಾನಿ ಇದೆ, ನಮಗೆ ಅರ್ಧ ಗೊತ್ತಿರುವ ಭಾಷೆ. ಕಣ್ಣಿಗಿಂತ ಕಿವಿಗೆ ಬೇಗ ಹತ್ತುತ್ತದೆ. ಕಥೆಯ ಸಮುದ್ರ ಅನ್ನುವ ಕಲ್ಪನೆಯೂ ಹೊಸದೇನಲ್ಲ. ಕಾಶ್ಮೀರದ ಸೋಮದೇವ 11ನೇ ಶತಮಾನದಲ್ಲಿ ಬರೆದ 'ಕಥಾಸರಿತ್ಸಾಗರ'ದಿಂದ ಬಂದದ್ದು. ಅದರ ಬೇರು ಗುಣಾಢ್ಯನ ಬೃಹತ್ಕಥೆ. ಅದೇ ಶತಮಾನದಲ್ಲಿ ನಮ್ಮ ದುರ್ಗಸಿಂಹ ಕನ್ನಡದಲ್ಲಿ ಪಂಚತಂತ್ರ ಬರೆದಾಗ ತನ್ನ ಕಥೆಗಳ ಮೂಲವನ್ನು ಅದೇ ಗುಣಾಢ್ಯನಿಗೆ ಒಯ್ದು ಮುಟ್ಟಿಸುತ್ತಾನೆ. ಒಂದೇ ಮೇನ್ ಪೈಪು ಅನ್ನಿ.

ದಿನನಿತ್ಯದ ಬದುಕಿನ ನಡುವೆಯೇ ಅಸಂಭವ ನಡೆಯುವ ಇಂಥ ಬರವಣಿಗೆಗೆ ಮ್ಯಾಜಿಕ್ ರಿಯಲಿಸಂ ಅಂತಾರೆ, ಹೆಸರು ಕೇಳಿ ಹೆದರಬೇಡಿ. ರಶ್ದಿ ಮಾಡುವ ಮಾಯೆಯಲ್ಲಿ ಅರ್ಧದಷ್ಟು ನುಡಿಗಟ್ಟನ್ನು ಇದ್ದದ್ದು ಇದ್ದ ಹಾಗೆ ನಂಬುವ ಆಟ. ನಾವು "ನಾಚಿ ನೀರಾದಳು" ಅಂತೀವಲ್ಲ, ಇವರ ಕಾದಂಬರಿಯಲ್ಲಾದರೆ ಆಮೇಲೆ ಯಾರಾದರೂ ನೆಲ ಒರೆಸಬೇಕಾಗುತ್ತದೆ. 1983ರ 'ಶೇಮ್' ನೋಡಿ. ಅದರಲ್ಲಿ ಸೂಫಿಯಾ ಝಿನೋಬಿಯಾ ಅನ್ನುವ ಹುಡುಗಿ ನಾಚಿಕೆಯಿಂದ ಕೆಂಪಾದರೆ ಮುಟ್ಟಿದವರಿಗೆ ಬಿಸಿ ತಟ್ಟುತ್ತದೆ. ಮನೆಯವರ, ದೇಶದವರ ನಾಚಿಕೆಗೇಡನ್ನೆಲ್ಲ ಅವಳೊಬ್ಬಳೇ ಹೊತ್ತು ಕೊನೆಗೆ ಮೃಗವಾಗುತ್ತಾಳೆ. ಇನ್ನು ಅಡುಗೆಗೆ 'ಕೈಗುಣ' ಅಂತೀವಿ. 'ಮಿಡ್‌ನೈಟ್ಸ್ ಚಿಲ್ಡ್ರನ್'ನಲ್ಲಿ ಆಲಿಯಾ ದೊಡ್ಡಮ್ಮ ಹಳೇ ಸಿಟ್ಟನ್ನೆಲ್ಲ ಬಿರಿಯಾನಿಗೆ ಕಲಸಿ ಬಡಿಸುತ್ತಾಳೆ, ತಿಂದವರ ಮನೆಯಲ್ಲಿ ಜಗಳ ಹುಟ್ಟುತ್ತದೆ. ನಮ್ಮ ಅಜ್ಜಿಗೆ ಇದನ್ನು ಹೇಳಿದ್ದರೆ "ಅದ್ರಾಗೇನೈತಿ?" ಅನ್ನುತ್ತಿದ್ದರು.

ಹಾರೂನ್ ಮುಗಿದ ಮೇಲೆ 'ಮಿಡ್‌ನೈಟ್ಸ್ ಚಿಲ್ಡ್ರನ್'ಗೆ ವಾಪಸ್ ಹೋಗಿ. 1981ರಲ್ಲಿ ಬುಕರ್ ಗೆದ್ದ ಪುಸ್ತಕ. ಆಮೇಲೆ 1993ರಲ್ಲಿ, 2008ರಲ್ಲಿ ಬುಕರ್ ಗೆದ್ದವುಗಳಲ್ಲೇ ಅತ್ಯುತ್ತಮ ಅಂತಲೂ ಆಯ್ಕೆಯಾಯಿತು. ಆ ಹೊಗಳಿಕೆಯನ್ನೆಲ್ಲ ಮರೆತುಬಿಡಿ, ಅದೇ ನಮ್ಮನ್ನು ಹೆದರಿಸುವುದು. ಓದುವಾಗ ಪದ್ಮಾಳ ಪಕ್ಕ ಜಾಗ ಮಾಡಿಕೊಂಡು ಕೂತುಬಿಡಿ. ಕಥೆ ಹೇಳುವ ಸಲೀಂ 1947ರ ಆಗಸ್ಟ್ 15ರ ನಡುರಾತ್ರಿ ಸರಿಯಾಗಿ ಹುಟ್ಟಿದವನು, ಈಗ ಉಪ್ಪಿನಕಾಯಿ ಕಾರ್ಖಾನೆಯಲ್ಲಿದ್ದಾನೆ. ಪದ್ಮಾ ಅಲ್ಲೇ ಕೆಲಸ ಮಾಡುವವಳು, ಓದು ಬರಹ ಬಾರದು. ಅವನು ತಾತನ ಮೂಗಿನ ಬಗ್ಗೆ ಪುಟಗಟ್ಟಲೆ ಎಳೆದರೆ ಇವಳು ಗೊಣಗುತ್ತಾಳೆ, ಮುಂದೇನಾಯ್ತು ಹೇಳು ಅಂತಾಳೆ, ಒಮ್ಮೆ ಮುನಿಸಿಕೊಂಡು ಎದ್ದೇ ಹೋಗುತ್ತಾಳೆ. ಅವಳಿಲ್ಲದ ಪುಟಗಳಲ್ಲಿ ಅವನ ಕಥೆ ಅಡ್ಡಾದಿಡ್ಡಿಯಾಗುತ್ತದೆ. ನಿಮಗೆ ಬೇಜಾರಾದ ಜಾಗದಲ್ಲೆಲ್ಲ ಪದ್ಮಾಗೂ ಬೇಜಾರಾಗಿರುತ್ತದೆ, ನಾಲ್ಕು ಸಾಲು ಆಚೆ ನೋಡಿ. ನಾಲ್ಕನೇ ಸಲ ಇದು ಗೊತ್ತಾದ ಮೇಲೆಯೇ ನನ್ನ ಓದು ದಡ ಮುಟ್ಟಿದ್ದು.

ಆ ರಾತ್ರಿ ಹನ್ನೆರಡರಿಂದ ಒಂದು ಗಂಟೆಯೊಳಗೆ ದೇಶದಲ್ಲಿ ಹುಟ್ಟಿದ ಮಕ್ಕಳು 1001. ಎಲ್ಲರಿಗೂ ಒಂದೊಂದು ಶಕ್ತಿ. ಅವರಲ್ಲಿ ಹತ್ತು ವರ್ಷ ತುಂಬುವ ಮೊದಲೇ ಸತ್ತವರು ಎಷ್ಟು ಗೊತ್ತಾ? 420. ಸ್ವಾತಂತ್ರ್ಯದ ಲೆಕ್ಕದಲ್ಲಿ ಫೋರ್ ಟ್ವೆಂಟಿ! ಇಂಥ ಚೇಷ್ಟೆ ಪುಸ್ತಕದ ತುಂಬಾ ಇದೆ. ಸಲೀಂ ಗಾಂಧೀಜಿ ತೀರಿಕೊಂಡ ದಿನವನ್ನೇ ತಪ್ಪಾಗಿ ಹೇಳುತ್ತಾನೆ, ತಪ್ಪು ಅಂತ ಆಮೇಲೆ ಗೊತ್ತಾದರೂ ತಿದ್ದುವುದಿಲ್ಲ. ತನ್ನ ಭಾರತದಲ್ಲಿ ಗಾಂಧಿ ಆ ತಪ್ಪು ಹೊತ್ತಿನಲ್ಲೇ ಸಾಯುತ್ತಿರುತ್ತಾರೆ ಅನ್ನುತ್ತಾನೆ. ಒಂದೊಂದು ಅಧ್ಯಾಯವೂ ಒಂದೊಂದು ಉಪ್ಪಿನಕಾಯಿ ಜಾಡಿ, ಒಟ್ಟು 30, ಜೊತೆಗೆ ಒಂದು ಖಾಲಿ. ತುರ್ತು ಪರಿಸ್ಥಿತಿಯ ಭಾಗ ಬಂದಾಗ ಮಾತ್ರ ನಗು ನಿಲ್ಲುತ್ತದೆ. ಅದನ್ನು ನಾನು ಹೇಳುವುದಿಲ್ಲ, ಓದಿ.

ಮಿಕ್ಕವುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. 1995ರ 'ದ ಮೂರ್ಸ್ ಲಾಸ್ಟ್ ಸೈ' ನನ್ನ ಮೆಚ್ಚಿನದು. ಕೊಚ್ಚಿಯ ಮೆಣಸಿನ ವ್ಯಾಪಾರಿಗಳ ಮನೆತನ, ಎಲ್ಲರಿಗಿಂತ ಎರಡು ಪಟ್ಟು ವೇಗವಾಗಿ ವಯಸ್ಸಾಗುವ ನಾಯಕ. 2019ರ 'ಕಿಶೋಟ್' ಟಿ.ವಿ. ನೋಡಿ ನೋಡಿ ತಲೆ ಕೆಟ್ಟ ಒಬ್ಬ ಸೇಲ್ಸ್‌ಮ್ಯಾನ್ ಕಥೆ, ತಮಾಷೆ ಇದೆ, ಸ್ವಲ್ಪ ಜಾಸ್ತಿಯೇ ಇದೆ. 'ಫ್ಯೂರಿ' ನನಗೆ ಹಿಡಿಸಲಿಲ್ಲ. 1988ರ 'ದ ಸಟಾನಿಕ್ ವರ್ಸಸ್' ಗಲಾಟೆ ಎಲ್ಲರಿಗೂ ಗೊತ್ತು. ಅದರಿಂದ ಮಾತ್ರ ಶುರು ಮಾಡಬೇಡಿ, ಪುಟ ಪುಟಕ್ಕೂ ಪೇಪರಿನಲ್ಲಿ ಓದಿದ ಸುದ್ದಿಯೇ ಅಡ್ಡ ಬರುತ್ತದೆ.

ನೀವು ಕನ್ನಡದವರಾದ್ದರಿಂದ 'ವಿಕ್ಟರಿ ಸಿಟಿ' ಮಾತ್ರ ತಪ್ಪಿಸಬೇಡಿ. ಅದು ವಿಜಯನಗರದ ಕಥೆ. 2022ರ ಆಗಸ್ಟ್ 12ರಂದು ನ್ಯೂಯಾರ್ಕ್ ರಾಜ್ಯದ ಶಟಾಕ್ವಾದಲ್ಲಿ ವೇದಿಕೆಯ ಮೇಲೇ ರಶ್ದಿಗೆ ಚಾಕು ಹಾಕಿದರು, ಒಂದು ಕಣ್ಣು ಹೋಯಿತು. ಅಷ್ಟರಲ್ಲಿ ಈ ಕಾದಂಬರಿ ಬರೆದು ಮುಗಿದಿತ್ತು, 2023ರ ಫೆಬ್ರವರಿಯಲ್ಲಿ ಹೊರಬಂತು. ಅದರ ನಾಯಕಿ ಪಂಪಾ ಕಂಪನಾ 247 ವರ್ಷ ಬದುಕುವ ಕವಿ. ಕೊನೆಗೆ ರಾಜ ಅವಳ ಕಣ್ಣು ಕುರುಡು ಮಾಡಿಸುತ್ತಾನೆ. ಆ ಪುಟ ಓದುವಾಗ ಕೈ ತಣ್ಣಗಾಯಿತು.

ದಸರಾ ರಜೆಗೆ ಊರಿಗೆ ಹೋದಾಗ ಅಪ್ಪನಿಗೆ ಇದನ್ನು ಕಟ್ಟೆಯ ಮೇಲೆ ಕೂತು ಕನ್ನಡದಲ್ಲಿ ಹೇಳಿದೆ. ದನ ಕಾಯುತ್ತಿದ್ದ ಹುಕ್ಕ, ಬುಕ್ಕ ಅನ್ನುವ ಅಣ್ಣತಮ್ಮಂದಿರು ಒಂದು ಚೀಲ ಬೀಜ ತಂದು ಪಂಪಾಳಿಗೆ ಕೊಡುತ್ತಾರೆ.

"ಹಕ್ಕ ಅಲ್ಲೇನು? ಹುಕ್ಕಾ ಅಂದ್ರೆ ಸೇದೋದು," ಅಂದರು ಅಪ್ಪ.

ಇವರ ಪುಸ್ತಕದಲ್ಲಿ ಹುಕ್ಕ ಅಂತಲೇ ಇದೆ ಅಂದೆ. ಅವಳು ಹೇಳಿದ ಜಾಗದಲ್ಲಿ ಆ ಬೀಜ ಬಿತ್ತಿದರೆ ಕೋಟೆ, ಗುಡಿ, ಅರಮನೆ, ಜನ, ಇಡೀ ಪಟ್ಟಣ ನೆಲದಿಂದ ಎದ್ದು ಬರುತ್ತದೆ.

"ಬಿತ್ತಿದ್ದು ಮುಂಗಾರಿಗೋ, ಹಿಂಗಾರಿಗೋ?"

"ಅದನ್ನ ಬರೆದಿಲ್ಲ."

"ಬರೀಬೇಕಿತ್ತು. ಆಗಿನ್ನೂ ರಾಯ ಕಾಲುವೆನೂ ಇದ್ದಿಲ್ಲ. ನೀರು ಎಲ್ಲಿಂದ ತಂದ್ರು?"

ಪಟ್ಟಣ ಎದ್ದದ್ದರ ಬಗ್ಗೆ ಅವರ ತಕರಾರು ಇರಲಿಲ್ಲ. ಯಾಕಿರಬೇಕು? ಮೊಲ ತಿರುಗಿಬಿದ್ದು ಬೇಟೆನಾಯಿಯನ್ನು ಅಟ್ಟಿಸಿಕೊಂಡು ಹೋದ ಗಂಡು ಮೆಟ್ಟಿದ ನೆಲ, ವಿದ್ಯಾರಣ್ಯರು ಚಿನ್ನದ ಮಳೆ ಸುರಿಸಿದ ಊರು ಅಂತಲೇ ಕೇಳಿ ಬೆಳೆದವರು ನಾವು.

ಮುಂದಿನದು ನನಗೆ ಇನ್ನೂ ಇಷ್ಟ. ಬೀಜದಿಂದ ಮೊಳೆತ ಜನಕ್ಕೆ ತಾವು ಯಾರು ಅಂತಲೇ ಗೊತ್ತಿಲ್ಲ. ಪಂಪಾ ಒಬ್ಬೊಬ್ಬರ ಕಿವಿಯಲ್ಲೂ ಅವರವರ ಕಥೆ ಪಿಸುಗುಡುತ್ತಾಳೆ. ನಿನ್ನ ಜಾತಿ ಇದು, ನಿನ್ನ ಅಜ್ಜ ಇಂಥವನು, ನಿನಗೆ ಇಂಥ ಕನಸು ಬೀಳುತ್ತದೆ ಅಂತ. ಆಮೇಲೆ ಅವರು ಮಾರ್ಕೆಟ್ಟಿನಲ್ಲಿ ನೂರಾರು ವರ್ಷದಿಂದ ಇದ್ದವರ ಹಾಗೆ ಜಗಳಾಡುತ್ತಾರೆ! ಊರಿನ ಹೆಸರು ಪುಸ್ತಕದಲ್ಲಿ 'ಬಿಸ್ನಗ'. ಡೊಮಿಂಗೊ ನುನೆಸ್ ಅನ್ನುವ ಪೋರ್ಚುಗೀಸ್ ಕುದುರೆ ವ್ಯಾಪಾರಿಯ ನಾಲಿಗೆ ಹೊರಳದೆ ಆದದ್ದು ಅಂತ ಕಥೆ. 16ನೇ ಶತಮಾನದಲ್ಲಿ ನಿಜಕ್ಕೂ ಬಂದುಹೋದ ಡೊಮಿಂಗೊ ಪೇಸ್ ಮತ್ತು ಫೆರ್ನಾವ್ ನುನಿಜ್ ಇಬ್ಬರ ಹೆಸರನ್ನೂ ಹೊಲಿದು ಒಬ್ಬನನ್ನು ಮಾಡಿದ್ದಾರೆ. ಪೋರ್ಚುಗೀಸರು ನಿಜವಾಗಿಯೂ 'ಬಿಸ್ನಗ' ಅಂತಲೇ ಬರೆಯುತ್ತಿದ್ದರು.

ನನ್ನದೂ ಒಂದು ತಕರಾರಿದೆ. ಪಂಪಾ ತನ್ನ ಕಾವ್ಯ ಬರೆಯುವುದು ಸಂಸ್ಕೃತದಲ್ಲಿ. ಪುರಂದರ ಮಂಟಪ ಇರುವ ಊರಿನ ಕಥೆಯಲ್ಲಿ ಕನ್ನಡದ ಸದ್ದು ತೀರಾ ಕಮ್ಮಿ. ನಡುವೆ ಒಂದಿಷ್ಟು ದೂರ ಒಬ್ಬ ರಾಜ ಆದಮೇಲೆ ಇನ್ನೊಬ್ಬ ರಾಜ ಅಂತ ಶಾಲೆಯ ಚರಿತ್ರೆ ಪಾಠದ ಹಾಗೆ ಓಡುತ್ತದೆ. ಅಲ್ಲಿ ಬೇಕಿದ್ದರೆ ನಾಲ್ಕು ಪುಟ ಹಾರಿ, ತಪ್ಪೇನಿಲ್ಲ.

ಕಾವ್ಯ ಮುಗಿದ ಮೇಲೆ ಪಂಪಾ ಅದನ್ನು ಮಣ್ಣಿನ ಮಡಕೆಯಲ್ಲಿಟ್ಟು, ಮೇಣದಿಂದ ಬಾಯಿ ಮುಚ್ಚಿ, ಹಾಳುಬಿದ್ದ ಅರಮನೆ ಆವರಣದ ನಡುವೆ ಹೂಳುತ್ತಾಳೆ, ನಾಲ್ಕೂವರೆ ಶತಮಾನ ಕಳೆದ ಮೇಲೆ ಅದು ಸಿಗುತ್ತದೆ ಅಂತ ಅಪ್ಪನಿಗೆ ಹೇಳಿ ಮುಗಿಸಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಮಹಾನವಮಿ ದಿಬ್ಬದ ಕಡೆಯಲ್ಲೇನು? ಸಣ್ಣಾವ್ರಿದ್ದಾಗ ಅಲ್ಲೇ ಎಮ್ಮೆ ಮೇಯಿಸ್ತಿದ್ವಿ. ಮಡಕೆ ಗಿಡಕೆ ಏನೂ ಸಿಗಲಿಲ್ಲ," ಅಂದರು.