ಅಂಗಳದ ಪ್ರಶ್ನೆ: ಟ್ಯಾಂಕರ್ ನೀರು ಕುಡಿಯುವ ಲಾನು

ಪ್ರಶ್ನೆ: ಪುಣೆಯ ಬಾವಧನ್‌ನಲ್ಲಿ ನಮ್ಮದು ರೋ ಹೌಸ್. ಮುಂದೆ 600 ಚದರಡಿ ಲಾನ್ ಇದೆ. ಮಾರ್ಚ್ ಬಂತೆಂದರೆ ಟ್ಯಾಂಕರ್ ತರಿಸಲೇಬೇಕು. ಕಿತ್ತು ಪೇವರ್ (ನೆಲಕ್ಕೆ ಹಾಸುವ ಸಿಮೆಂಟ್ ಬ್ಲಾಕ್) ಹಾಕಿಸಿ ಅನ್ನುತ್ತಾರೆ ಅಕ್ಕಪಕ್ಕದವರು. ಮೊಮ್ಮಕ್ಕಳಿಗೆ ಆಡಲು ಒಂದಿಷ್ಟು ಹಸಿರು ಉಳಿಯಬೇಕಲ್ಲ?

ಉತ್ತರ: ಪೇವರ್ ಬೇಡ. ಹಗಲೆಲ್ಲ ಕಾದು ರಾತ್ರಿಯವರೆಗೂ ಮನೆಗೆ ಬಿಸಿ ಹೊಡೆಯುತ್ತದೆ, ಮಳೆನೀರೂ ನೆಲಕ್ಕಿಳಿಯದೆ ರಸ್ತೆಗೆ ಹೋಗುತ್ತದೆ.

ಮೊದಲು ಲೆಕ್ಕ ನೋಡಿ. 600 ಚದರಡಿ ಎಂದರೆ ಸುಮಾರು 56 ಚದರ ಮೀಟರ್. ಪುಣೆಯ ಏಪ್ರಿಲ್ ಬಿಸಿಲಿಗೆ ಲಾನ್ ದಿನಕ್ಕೆ 5 ಮಿ.ಮೀ. ನೀರು ಕೇಳುತ್ತದೆ, ಅಂದರೆ ದಿನಕ್ಕೆ 280 ಲೀಟರ್. 10,000 ಲೀಟರಿನ ಟ್ಯಾಂಕರ್ ಐದು ವಾರಕ್ಕೆ ಖಾಲಿ. ಮಟಮಟ ಮಧ್ಯಾಹ್ನ ಪೈಪ್ ಹಿಡಿದು ನಿಲ್ಲುವವರಾದರೆ ಅಷ್ಟೂ ಬಾರದು.

ಮಕ್ಕಳಿಗೆ 100 ಚದರಡಿ ಗರಿಕೆ ಬಿಟ್ಟು ಉಳಿದ 500ರಲ್ಲಿ ಪೊದೆಗಿಡ ಮಾಡಿ. ಕೆಲಸ ಏಪ್ರಿಲ್‌ನಲ್ಲಿ ಶುರುವಾದರೆ ಮೊದಲ ಮಳೆಗೆ ನೆಡಬಹುದು. ಹುಲ್ಲನ್ನು ಬುಡಮಟ್ಟ ಕತ್ತರಿಸಿ ನೆಲ ನೆನೆಸಿ. ಟೇಪ್, ಪಿನ್ ತೆಗೆದ ರಟ್ಟನ್ನು ಎರಡು ಪದರ ಹಾಸಿ. ಒಂದರ ಅಂಚಿನ ಮೇಲೆ ಇನ್ನೊಂದು ಅರ್ಧ ಅಡಿ ಕೂರಬೇಕು. ಸಂದು ಸಿಕ್ಕಿದರೆ ಗರಿಕೆ ಅಲ್ಲಿಂದಲೇ ತಲೆ ಎತ್ತುತ್ತದೆ. ಮೇಲೆ ನಾಲ್ಕರಿಂದ ಆರು ಅಂಗುಲ ಒಣ ಎಲೆ. ರಟ್ಟಿಗೆ ಗೆದ್ದಲು ಬರುವುದರಿಂದ ಮನೆಗೋಡೆಯಿಂದ ಒಂದೆರಡು ಅಡಿ ದೂರವೇ ನಿಲ್ಲಿಸಿ. ಎರಡು ತಿಂಗಳ ನಂತರ ರಟ್ಟಿನಲ್ಲಿ ತೂತು ಕೊರೆದು ಗಿಡ ನೆಡಿ.

ಕೆಳಗೆ ಎರೆಮಣ್ಣಿದ್ದರೆ ಮರಳು ಬೆರೆಸುವ ಸಲಹೆ ಕೇಳಬೇಡಿ. ಅರೆಬರೆ ಮರಳು ಸೇರಿದ ಎರೆ ಬೇಸಿಗೆಯಲ್ಲಿ ಇಟ್ಟಿಗೆಯಂತಾಗುತ್ತದೆ. ಕಾಂಪೋಸ್ಟ್ ಮತ್ತು ಎಲೆಹೊದಿಕೆ ಸಾಕು. ಬಿಲ್ಡರ್ ಮುರುಮ್ (ಕಲ್ಲುಪುಡಿಯಂಥ ಗೊರಸು ಮಣ್ಣು) ತುಂಬಿದ್ದರೆ ಪ್ರತಿ ಗಿಡಕ್ಕೂ ಒಂದೂವರೆ ಅಡಿ ಗುಂಡಿ ತೋಡಿ ಮಣ್ಣು ಬದಲಿಸಲೇಬೇಕು.

ಕಾಂಪೌಂಡಿನ ಅಂಚಿಗೆ ಲಕ್ಕಿ, ಪಾರಿಜಾತ, ಮುಂದೆ ಗೋರಂಟೆ, ದಾಸವಾಳ, ಮಜ್ಜಿಗೆಹುಲ್ಲು, ಅರೆನೆರಳಿಗೆ ಕನಕಾಂಬರ. ಪುಣೆಯ ನರ್ಸರಿಯಲ್ಲಿ ಲಕ್ಕಿಗೆ ನಿರ್ಗುಡಿ, ಗೋರಂಟೆಗೆ ಕೋರಂಟಿ, ಕನಕಾಂಬರಕ್ಕೆ ಅಬೋಲಿ ಅನ್ನಿ. ಕಣಗಿಲೆ ಕಡಿಮೆ ನೀರಿನ ಗಿಡವೇನೋ ಹೌದು, ಆದರೆ ಅದರ ಎಲೆ, ಹೂವು, ಕೊಂಬೆ ಎಲ್ಲವೂ ವಿಷ. ಚಿಕ್ಕ ಮಕ್ಕಳಿರುವ ಮನೆಗೆ ಬೇಡ.

ಸರಾಸರಿ ಮೂರಡಿಗೊಂದರಂತೆ 55 ಗಿಡ. ನೀರಿಗೆ ಡ್ರಿಪ್ ಹಾಕಿಸಿ: ಗಿಡದ ಸಾಲಿಗೆ 16 ಮಿ.ಮೀ. ಪೈಪು (ಲ್ಯಾಟರಲ್), ಗಿಡಕ್ಕೊಂದು ಗಂಟೆಗೆ 4 ಲೀಟರ್ ತೊಟ್ಟಿಕ್ಕುವ ಡ್ರಿಪ್ಪರ್, ಪೈಪು ಶುರುವಾಗುವಲ್ಲಿ 120 ಮೆಶ್‌ನ (ಸಣ್ಣ ಜಾಲರಿಯ) ಫಿಲ್ಟರ್. ಮುರುಮ್‌ನಲ್ಲಿ ನೀರು ಅಗಲಕ್ಕೆ ಹರಡದೆ ನೇರ ಕೆಳಗಿಳಿಯುವುದರಿಂದ ಅಲ್ಲಿ 2 ಲೀಟರಿನವು ಎರಡು ಹಾಕಿ. ವಾರಕ್ಕೆರಡು ಸಲ ಒಂದೊಂದು ಗಂಟೆ ಬಿಟ್ಟರೆ 440 ಲೀಟರ್. ಗರಿಕೆಯದು ಸೇರಿದರೂ ವಾರಕ್ಕೆ 770 ದಾಟುವುದಿಲ್ಲ. ಈಗ ಹೋಗುತ್ತಿರುವುದು 1,960. ಬೋರ್‌ವೆಲ್ ನೀರಾದರೆ ಡ್ರಿಪ್ಪರ್ ಬಾಯಿಗೆ ಬಿಳಿ ಸುಣ್ಣ ಕಟ್ಟುತ್ತದೆ. ಕಟ್ಟಿದ್ದನ್ನು ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಹಾಕಿ. ತಿಂಗಳಿಗೊಮ್ಮೆ ಪೈಪಿನ ತುದಿ ಬಿಚ್ಚಿ ಕೆಸರು ಹೊರಬಿಡಿ. ಇದನ್ನು ಮರೆತವರೇ ‘ಡ್ರಿಪ್ ನಮ್ಮಲ್ಲಿ ನಡೆಯಲಿಲ್ಲ’ ಅನ್ನುವುದು.

ಪ್ರಶ್ನೆ: ಠಾಣೆಯಲ್ಲಿ ನಮ್ಮ ಸೊಸೈಟಿಯ ಕಾಂಪೌಂಡಿಗೆ ಪೂರ್ತಿ ಪೇವರ್ ಬ್ಲಾಕ್ ಹಾಕಿಸಿದ ಮೇಲೆ ಸಂಪಿಗೆ ಮರದ ತುದಿಕೊಂಬೆಗಳು ಒಣಗುತ್ತಿವೆ. ಮಳೆಗಾಲದಲ್ಲಿ ನೀರೂ ನಿಲ್ಲುತ್ತದೆ. ಕೆಲವು ಸದಸ್ಯರು ಮರ ಕಡಿಸೋಣ ಅನ್ನುತ್ತಿದ್ದಾರೆ.

ಉತ್ತರ: ಜಾಗ ಸೊಸೈಟಿಯದೇ ಆದರೂ ಮಹಾರಾಷ್ಟ್ರದ 1975ರ ನಗರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷ ಪ್ರಾಧಿಕಾರದ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಕಡಿಯುವ ಅಗತ್ಯವೂ ಕಾಣುವುದಿಲ್ಲ. ಮರ ಒಣಗುತ್ತಿರುವುದು ಬೇರಿಗೆ ಗಾಳಿ, ನೀರು ಸಿಗದೆ ಇರಬೇಕು. ಮಳೆ ನಿಂತ ಮೇಲೆ ಬುಡದ ಸುತ್ತ ಒಂದು ಮೀಟರ್ ಬ್ಲಾಕ್, ಸಿಮೆಂಟ್ ಎಲ್ಲ ಕೈಯಿಂದಲೇ ತೆಗೆಸಿ. ಯಂತ್ರ ಬಳಸಿದರೆ ದಪ್ಪ ಬೇರು ತುಂಡಾಗಿ ಮುಂದಿನ ಬಿರುಗಾಳಿಗೆ ಮರ ವಾಲುತ್ತದೆ. ಎರಡು ಅಂಗುಲ ಕಾಂಪೋಸ್ಟ್ ಹರಡಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಚೆಂದಕ್ಕೆಂದು ಸುತ್ತ ಕಟ್ಟೆ ಕಟ್ಟಿ ಮಣ್ಣು ತುಂಬಿದರೆ ಕಾಂಡ ಕೊಳೆಯುತ್ತದೆ.

ನಿಲ್ಲುವ ನೀರಿಗೆ ಇಂಗುಗುಂಡಿ ತೋಡುವ ಮುನ್ನ ಪರೀಕ್ಷೆ ಮಾಡಿ. ಒಂದೂವರೆ ಅಡಿ ಆಳದ ಗುಂಡಿಗೆ ನೀರು ತುಂಬಿ ಇಂಗಲು ಬಿಡಿ, ಮತ್ತೆ ತುಂಬಿ ಅಳೆಯಿರಿ. ಗಂಟೆಗೆ ಒಂದು ಅಂಗುಲವೂ ಇಳಿಯದಿದ್ದರೆ ದುಡ್ಡು ದಂಡ. ಖಾಡಿ (ಸಮುದ್ರದ ಹಿನ್ನೀರು) ಹತ್ತಿರದ ಜೇಡಿಮಣ್ಣಿನಲ್ಲಿ ಹೀಗಾಗುವುದೇ ಹೆಚ್ಚು. ಅಲ್ಲಿ ಇಳಿಜಾರು ಸರಿಪಡಿಸಿ ನೀರನ್ನು ಗಟಾರಕ್ಕೆ ತಿರುಗಿಸುವುದೇ ದಾರಿ.

ಪ್ರಶ್ನೆ: ಅಂಧೇರಿಯ ನಮ್ಮ ಕಟ್ಟಡದ ಪೋಡಿಯಮ್ (ಕೆಳಮಹಡಿಗಳ ಮೇಲಿನ ಬಯಲು ತಾರಸಿ) ಮೇಲೆ ಒಂದೂವರೆ ಅಡಿ ಮಣ್ಣು ಹಾಕಿ ಮಾವು ಬೆಳೆಸಬಹುದೇ?

ಉತ್ತರ: ಬೇಡ. ನೆನೆದ ತೋಟದ ಮಣ್ಣು ಒಂದೂವರೆ ಅಡಿ ದಪ್ಪಕ್ಕೆ ಚದರ ಮೀಟರಿಗೆ 800 ಕಿಲೋ ತೂಗುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪಿದರೂ ಮಾವಿಗೆ ಆ ಆಳ ಸಾಲದು. ನಿಂಬೆ, ಕರಿಬೇವು ದೊಡ್ಡ ಕುಂಡದಲ್ಲಿ ಸುಖವಾಗಿರುತ್ತವೆ.

ಪ್ರಶ್ನೆ: ಗೋವಾದ ಪರ್ವರಿಯಲ್ಲಿ ಇಳಿಜಾರು ಜಾಗದಲ್ಲಿ ಮನೆ. ಪ್ರತಿ ಮಳೆಗಾಲ ಮೇಲ್ಮಣ್ಣು ಕೊಚ್ಚಿಹೋಗಿ ಕೆಳಮನೆಯವರ ಬಾವಿ ಕೆಂಪಾಗುತ್ತದೆ.

ಉತ್ತರ: ಮೊದಲು ಮಾಡಿನ ಪೈಪು ಎಲ್ಲಿ ಬೀಳುತ್ತದೆ ನೋಡಿ. 1,000 ಚದರಡಿ ಮಾಡಿಗೆ ಗಂಟೆಯಲ್ಲಿ 50 ಮಿ.ಮೀ. ಮಳೆ ಬಿದ್ದರೆ 4,600 ಲೀಟರ್. ಅಷ್ಟೂ ಒಂದೇ ಕಡೆ ಧುಮುಕಿದರೆ ಯಾವ ಗಿಡವೂ ಮಣ್ಣು ಹಿಡಿಯಲಾರದು. ಅದನ್ನು ಟಾಕಿಗೋ, ಕಲ್ಲು ಹಾಸಿದ ಚರಂಡಿಗೋ ಕಟ್ಟಿಹಾಕಿ.

ಆಮೇಲೆ ಲಾವಂಚ. ಮೇಸ್ತ್ರಿಗಳು ಮಟ್ಟ ನೋಡುವ ನೀರು ತುಂಬಿದ ಪೈಪಿನಿಂದ ಸಮಮಟ್ಟದ ಗೆರೆ ಗುರುತಿಸಿ, ಜೂನ್‌ನಲ್ಲಿ ಅರ್ಧ ಅಡಿಗೂ ಕಡಿಮೆ ಅಂತರದಲ್ಲಿ ಸಸಿ ಒತ್ತಾಗಿ ನೆಡಿ. ಗೆರೆ ಓರೆಯಾದರೆ ನೀರು ಅದರ ಗುಂಟ ಓಡಿ ಹೊಸ ಕೊರಕಲು ಮಾಡುತ್ತದೆ. ಮೊದಲ ಮಳೆಗಾಲದಲ್ಲಿ ಸಸಿ ಸತ್ತ ಕಡೆ ತಕ್ಷಣ ತುಂಬಿ. ನೆರಳಿಗೆ ಲಾವಂಚ ಸೊರಗುತ್ತದೆ. ಮರಗಳಡಿ ಅನಾನಸ್ ಸಾಲು ಹಾಕಿ.

ಮುರಕಲ್ಲಿನ ತಡೆಗೋಡೆಯಿದ್ದರೆ ಅದರ ಬೆನ್ನಿಗೆ ಇಂಗುಕಾಲುವೆ ತೋಡಬೇಡಿ, ಒಳಗೆ ಕೂತ ನೀರು ಗೋಡೆಯನ್ನೇ ತಳ್ಳುತ್ತದೆ. ಗೋಡೆಯಲ್ಲಿ ಒಂದೊಂದು ಮೀಟರಿಗೆ ಮೂರಿಂಚಿನ ನೀರುಕಂಡಿ ಬಿಟ್ಟು ಹಿಂದೆ ಜಲ್ಲಿ ತುಂಬಿಸಿ. ತೆಂಗಿನ ಸಿಪ್ಪೆಯನ್ನು ಮಣ್ಣಿನೊಳಗೆ ಹೂಳುವುದಾದರೆ ಅದರ ಬೋಗುಣಿಯಂಥ ಒಳಮೈ ಮೇಲ್ಮುಖವಾಗಿರಲಿ, ನೀರು ಹಿಡಿಯುತ್ತದೆ. ನೆಲದ ಮೇಲೆ ಹಾಸುವುದಾದರೆ ಕವುಚಿ ಹಾಕಿ, ಇಲ್ಲದಿದ್ದರೆ ಸೊಳ್ಳೆ ಸಾಕಿದಂತೆ.